ಹಟ್ಟಿಯ ದನ, ಅಂಗಳದ ನಾಯಿ, ತೋಟದ ಅಡಿಕೆ

ಕೆಲವು ವರ್ಷಗಳ ಹಿಂದೆ ನಮ್ಮ ಹಟ್ಟಿಯ ಮುದಿ ದನವೊಂದು ಸತ್ತಿತು. ಕೊನೆಯ ವಾರದವರೆಗೂ ಅದು ಹುಲ್ಲು ಬಿಟ್ಟದ್ದಿಲ್ಲ. ದನದ ಡಾಕ್ಟ್ರು ಕೊಯ್ದು ನೋಡಿದಾಗ ಲಿವರಿನಲ್ಲಿ, ಶ್ವಾಸಕೋಶದಲ್ಲಿ ನೆಲ್ಲಿಕಾಯಿ, ಲಿಂಬೆಹಣ್ಣಿನ ಗಾತ್ರದ ನೀರುಗುಳ್ಳೆಗಳು. "ಇದು ನಾಯಿಯಿಂದ ಬಂದದ್ದು ಮಾಸ್ಟ್ರೇ" ಅಂದ್ರು. ಜೀವ ಇರುವಾಗಲೇ ಯಾಕೆ ಗೊತ್ತಾಗಲಿಲ್ಲ ಎಂದು ಕೇಳಿದೆ. "ಗೊತ್ತಾಗುದಿಲ್ಲ" ಅಂದ್ರು, ಅಷ್ಟೆ. ಆಗ ಜಗಲಿಯಲ್ಲಿ ನಮ್ಮ ಮೊಮ್ಮಗಳು ಅದೇ ನಾಯಿಯ ಕುತ್ತಿಗೆ ಹಿಡಿದು ಆಡುತ್ತಿದ್ದಳು. ಈ ಕಾಯಿಲೆಯ ಚರಿತ್ರೆಯನ್ನು ನಾನು ಹುಡುಕಿ ಓದಿದ್ದು ಅದರ ಮೇಲೆ.

ಗುಳ್ಳೆ ಎಂದರೆ ಒಂದು ಲಾಡಿಹುಳದ ಮರಿಗಳ ಮನೆ. ದೊಡ್ಡ ಹುಳ ಇರುವುದು ನಾಯಿಯ ಕರುಳಿನಲ್ಲಿ, ಉದ್ದ ಒಂದು ಅಕ್ಕಿಕಾಳಿನಷ್ಟು. ಮೊಟ್ಟೆ ನಾಯಿಯ ಮಲದ ಜೊತೆ ಹುಲ್ಲಿಗೆ, ನೀರಿಗೆ ಬೀಳುತ್ತದೆ. ದನ, ಆಡು, ಕುರಿ ಅದನ್ನು ನುಂಗಿದರೆ ಒಳಗೆ ಗುಳ್ಳೆ. ಮನುಷ್ಯ ನುಂಗಿದರೂ ಗುಳ್ಳೆಯೇ. ಆ ಗುಳ್ಳೆಯಿರುವ ಲಿವರನ್ನು ನಾಯಿ ತಿಂದರೆ ಮತ್ತೆ ಹುಳ. ಜರ್ಮನಿಯ ಫಾನ್ ಸೀಬೋಲ್ಡ್ 1850ರ ದಶಕದ ಆರಂಭದಲ್ಲಿ ನಾಯಿಗಳಿಗೆ ಗುಳ್ಳೆ ತಿನ್ನಿಸಿಯೇ ಇದನ್ನು ತೋರಿಸಿದ.

ಹತ್ತು ವರ್ಷ ಕಳೆದು, 1863ರಲ್ಲಿ, ಡೆನ್ಮಾರ್ಕಿನ ಹೆರಾಲ್ಡ್ ಕ್ರಾಬೆ ಐಸ್‌ಲ್ಯಾಂಡಿಗೆ ಹೋದ. ಅಲ್ಲಿ ಜನರ ಹೊಟ್ಟೆಯಲ್ಲೂ ಗುಳ್ಳೆ ಧಾರಾಳವಾಗಿತ್ತು. ಅವನು 100 ನಾಯಿಗಳನ್ನು ಕೊಯ್ದು ನೋಡಿದ, 28ರಲ್ಲಿ ಹುಳ. ಮರುವರ್ಷ ಒಂದು ಸಣ್ಣ ಪುಸ್ತಕ ಬರೆದ, ಅದನ್ನು ಅಲ್ಲಿನ ಮನೆಮನೆಗೂ ಬಿಟ್ಟಿಯಾಗಿ ಹಂಚಿದರು. ವಾಚನಾಲಯದವರಾದ ನಮಗೆ ಈ ಸಂಗತಿ ಸ್ವಲ್ಪ ಹೆಮ್ಮೆಯದೇ. ಓದುವ ಅಭ್ಯಾಸವಿದ್ದ ಜನ, ಓದಿದರು. ಆಮೇಲೆ ಕಾನೂನೂ ಬಂತು, ಕಾಯಿಲೆ ಮೆಲ್ಲ ಮೆಲ್ಲ ಆ ದೇಶದಿಂದಲೇ ಹೋಯಿತು.

ಆದರೆ ಜೀವಂತ ದನದಲ್ಲಿ ಗುಳ್ಳೆ ಪತ್ತೆ ಮಾಡುವ ಕಷ್ಟ ಹಾಗೇ ಉಳಿಯಿತು. 1911ರಲ್ಲಿ ಇಟಲಿಯ ಕಸೋನಿ ಎಂಬ ವೈದ್ಯ ಗುಳ್ಳೆಯ ನೀರನ್ನೇ ರೋಗಿಯ ಚರ್ಮಕ್ಕೆ ಚುಚ್ಚಿ, ಅಲ್ಲಿ ಉಬ್ಬುತ್ತದೆಯೇ ಎಂದು ನೋಡುವ ಪರೀಕ್ಷೆ ತಂದ. ಬೇರೆ ಹುಳವಿದ್ದರೂ ಚರ್ಮ ಉಬ್ಬುತ್ತಿತ್ತು. ದನಕ್ಕಂತೂ ಅದನ್ನು ನಂಬುವ ಹಾಗಿರಲಿಲ್ಲ, ರಕ್ತಪರೀಕ್ಷೆಗೂ ಇದೇ ತೊಂದರೆ.

ಹಾಗಾದರೆ ನಾಯಿಯಲ್ಲೇ ಹುಡುಕೋಣ ಎಂದು ಹೊರಟರು. ಇಲ್ಲಿ ನಮ್ಮ ಅಡಿಕೆ ಬರುತ್ತದೆ! ನಾಯಿಯ ಹುಳಕ್ಕೆ ಅಡಿಕೆ ಪುಡಿ ಕೊಡುವುದು ಇಂಗ್ಲಿಷರ ಹಳೆಯ ಪಶುವೈದ್ಯದಲ್ಲಿತ್ತು. 1888ರಲ್ಲಿ ಯಾನ್ಸ್ ಎಂಬ ಜರ್ಮನ್ ರಸಾಯನಜ್ಞ ಅಡಿಕೆಯಿಂದ ಅರಿಕೊಲಿನ್ ಎಂಬ ಸತ್ತ್ವವನ್ನು ಬೇರ್ಪಡಿಸಿದ. ಅದನ್ನು ನಾಯಿಗೆ ಕೊಟ್ಟರೆ ಹುಳ ಮರಗಟ್ಟುತ್ತದೆ, ಕರುಳು ಹಿಂಡಿ ಸ್ವಲ್ಪ ಹೊತ್ತಿನಲ್ಲೇ ಭೇದಿಯಾಗುತ್ತದೆ. ಆ ಭೇದಿಯನ್ನು ಪರೀಕ್ಷಿಸಿದರೆ ಹುಳ ಕಣ್ಣಿಗೆ ಬೀಳುತ್ತದೆ. ಮದ್ದೂ ಅದೇ, ಪರೀಕ್ಷೆಯೂ ಅದೇ.

ನ್ಯೂಜಿಲ್ಯಾಂಡಿನಲ್ಲಿ ಲೂಯಿ ಬಾರ್ನೆಟ್ ಎಂಬ ಸರ್ಜನ್ ಈ ಕಾಯಿಲೆಯ ವಿರುದ್ಧ ಬಹುಕಾಲ ಕೂಗಿದ. ಮೊದಲು ನಾಯಿಯ ಒಡೆಯರ ಕೈಗೇ ಅರಿಕೊಲಿನ್ ಮಾತ್ರೆ ಕೊಟ್ಟು ನೋಡಿದರು. ಕೈಗೆ ಬಂದ ಮಾತ್ರೆ ನಾಯಿಯ ಬಾಯಿಗೆ ಹೋಗುವುದು ಅಷ್ಟು ಸುಲಭವಲ್ಲ, ನಮಗೆ ಗೊತ್ತಿಲ್ಲವೇ? 1959ರ ಕಾನೂನಿನ ಮೇಲೆ ಊರ ನಾಯಿಗಳನ್ನೆಲ್ಲ ಒಂದು ಕಡೆ ಸಾಲಾಗಿ ಕಟ್ಟಿ ಅಧಿಕಾರಿಗಳೇ ಮದ್ದು ಹಾಕತೊಡಗಿದರು. 2002ರಲ್ಲಿ ಆ ದೇಶ ಕಾಯಿಲೆಯಿಂದ ಮುಕ್ತವೆಂದು ಘೋಷಿಸಿತು.

ಟಾಸ್ಮೇನಿಯಾದವರು 1960ರ ದಶಕದಲ್ಲಿ ದನವನ್ನೂ ಲೆಕ್ಕಕ್ಕೆ ತಂದರು. ಕಸಾಯಿಖಾನೆಯಲ್ಲಿ ಲಿವರಿನಲ್ಲಿ ಗುಳ್ಳೆ ಕಂಡರೆ, ಆ ಪ್ರಾಣಿ ಯಾವ ಹೊಲದ್ದೆಂದು ಹಿಂದಕ್ಕೆ ಹುಡುಕಿ ಅಲ್ಲಿಯ ನಾಯಿಗಳನ್ನು ಪರೀಕ್ಷಿಸಿದರು. ಸತ್ತ ದನವೇ ಬದುಕಿರುವ ಮನೆಯ ಗುಟ್ಟು ಹೇಳಿದ ಹಾಗೆ.

ಹಾಗೆಂದು ಯಾರೂ ಮನೆಯ ನಾಯಿಗೆ ಅಡಿಕೆ ಅರೆದು ಕೊಡಬೇಡಿ. ಅರಿಕೊಲಿನ್ ಒರಟು ಮದ್ದು. ಕೆಲವು ನಾಯಿಗಳಿಗೆ ಭೇದಿಯೇ ಆಗದು, ಕೆಲವು ಸತ್ತದ್ದೂ ಉಂಟು. ಈಗ ಪ್ರಾಜಿಕ್ವಾಂಟೆಲ್ ಎಂಬ ಮಾತ್ರೆ ಇದೆ.

ನಮ್ಮ ನಾಯಿಗೆ ಡಾಕ್ಟ್ರು ಹೇಳಿದ ಲೆಕ್ಕದಲ್ಲಿ ಅದನ್ನೇ ಬೆಲ್ಲದುಂಡೆಯೊಳಗಿಟ್ಟು ಕೊಡುತ್ತೇನೆ. ಮಾಂಸದಂಗಡಿಯ ಹಿಂದಿನ ಹೊಂಡಕ್ಕೆ ಬೇಲಿ ಹಾಕಿಸಿ ಎಂದು ಎರಡು ಸಲ ಕೇಳಿ ಬಂದಿದ್ದೇನೆ. ಬೇಲಿ ಇನ್ನೂ ಆಗಿಲ್ಲ. ಸಂಜೆಯಾದರೆ ನಾಯಿಯನ್ನು ಕಟ್ಟಿಹಾಕುತ್ತೇನೆ.