ಅಜ್ಜಿಯ ಕವಡೆ, ಮಹಾವೀರಾಚಾರ್ಯರ ಸೂತ್ರ

ಒಂದು ಆಷಾಢದಲ್ಲಿ ಬೈಂದೂರು, ಬ್ರಹ್ಮಾವರಗಳಲ್ಲಿ ಚಿತ್ರೀಕರಣಕ್ಕೆಂದು ಹೊರಟವರನ್ನು ಮಳೆ ಕುಂದಾಪುರದ ಒಂದು ಮನೆಯ ಜಗಲಿಯಲ್ಲಿ ಕೂರಿಸಿಬಿಟ್ಟಿತು. ಆ ಮನೆಯ ಅಜ್ಜಿ ನಾಲ್ಕು ಕವಡೆ ತಂದಿಟ್ಟರು. ಬಾಯಿ ಮೇಲಾದವುಗಳನ್ನು ಎಣಿಸಬೇಕು. ಎಲ್ಲವೂ ಬೋರಲಾದರೆ ಎಂಟು. ಬೀಳುವ ಬಗೆ ಐದು, ಹಾಗಾಗಿ ಪ್ರತಿಯೊಂದಕ್ಕೂ ಐದರಲ್ಲೊಂದು ಅವಕಾಶ ಎಂದೆ. ಅಜ್ಜಿ ನಕ್ಕರು: “ಎರ್ಡೇ ಬೀಳುದ್ ಜಾಸ್ತಿ ಮಾರಾಯ್ರೇ, ಎಂಟ್ ಬೀಳುಕೆ ಪುಣ್ಯ ಬೇಕ್.” ವಿಜ್ಞಾನ ಪದವೀಧರ ನಾಚಿಕೊಂಡೆ.

ಪ್ರತಿ ಕವಡೆಗೆ ಎರಡು ಮುಖ. ನಾಲ್ಕಕ್ಕೆ ಒಟ್ಟು 16 ಬಗೆ. ಅವುಗಳಲ್ಲಿ ಒಂದೂ ಬಾಯಿ ಕಾಣದ ಬಗೆ 1, ಒಂದು ಕಾಣುವುದು 4, ಎರಡು 6, ಮೂರು 4, ನಾಲ್ಕೂ 1. ಇಂಥ ಎಣಿಕೆಗೆ ಸಾಮಾನ್ಯ ಸೂತ್ರ ಕೊಟ್ಟವರು ಮಹಾವೀರಾಚಾರ್ಯರು. ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಸಂಸ್ಕೃತದ ‘ಗಣಿತಸಾರಸಂಗ್ರಹ’ದಲ್ಲಿ. ಅವರ ಉದಾಹರಣೆಯೂ ರುಚಿಕರ: ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರುಗಳನ್ನು ಎಷ್ಟು ಬಗೆಯಲ್ಲಿ ಬೆರೆಸಬಹುದು? ಒಂದೊಂದೇ ರುಚಿಯನ್ನೂ ಸೇರಿಸಿದರೆ 63. ಅವರು ಎಣಿಸಿದ್ದು ಬಗೆಗಳನ್ನು, ಸಂಭವನೀಯತೆಯನ್ನಲ್ಲ. ಈ ವ್ಯತ್ಯಾಸ ಮರೆಯಬಾರದು.

ಕವಡೆ ನೂರಾದರೆ? ಐವತ್ತು ಬಾಯಿ ಮೇಲಾಗುವ ಬಗೆಗಳ ಸಂಖ್ಯೆಗೇ 30 ಅಂಕೆ! ಫ್ರಾನ್ಸಿನಿಂದ ಲಂಡನ್ನಿಗೆ ವಲಸೆ ಬಂದಿದ್ದ ಅಬ್ರಹಾಂ ದ ಮುವಾವ್ರ್ 1733ರಲ್ಲಿ ದಾರಿ ತೋರಿದ. ಗಂಟೆಯಾಕಾರದ ಒಂದೇ ರೇಖೆಯ ಎತ್ತರ ಅಳೆದರೆ ಸರಿಸುಮಾರು ಉತ್ತರ ಸಿಗುತ್ತದೆ. ನೂರು ಕವಡೆಯಲ್ಲಿ ಐವತ್ತಕ್ಕೆ ನಿಜವಾದ ಬೆಲೆ 0.0796, ರೇಖೆ ಹೇಳುವುದು 0.0798.

ನಾಲ್ಕೇ ಕವಡೆಗೆ ಈ ರೇಖೆ ಅಷ್ಟು ಒಗ್ಗದು. ಎರಡಕ್ಕೆ 0.375 ಇರಬೇಕಾದಲ್ಲಿ 0.399 ಎನ್ನುತ್ತದೆ. ಅದಕ್ಕಿಂತ ತಮಾಷೆಯೆಂದರೆ, ಕವಡೆಗಳು ನಾಲ್ಕಕ್ಕೆ ನಿಲ್ಲುತ್ತವೆ, ರೇಖೆ ನಿಲ್ಲುವುದಿಲ್ಲ. ನಾಲ್ಕು ಕವಡೆಯಲ್ಲಿ ಐದು ಬಾಯಿ ಕಾಣಲು ಅದು 10,000ಕ್ಕೆ ಸುಮಾರು 44 ಅವಕಾಶ ಕೊಟ್ಟುಬಿಡುತ್ತದೆ!

ಇನ್ನೊಂದು ಮಾತು. ಕವಡೆ ನಾಣ್ಯವಲ್ಲ, ಅದರ ಬೆನ್ನು ಉಬ್ಬು. ಬಾಯಿ ಮೇಲಾಗುವುದು 100ಕ್ಕೆ 50ರ ಬದಲು 40 ಸಲ ಎಂದಿಟ್ಟುಕೊಳ್ಳಿ. ಆಗ ಎಂಟು ಬೀಳುವ ಅವಕಾಶ ಹದಿನಾರರಲ್ಲೊಂದರಿಂದ ಸುಮಾರು ಎಂಟರಲ್ಲೊಂದಕ್ಕೆ ಏರುತ್ತದೆ. ಒಂದು, ಎರಡು ಬೀಳುವುದು ಸರಿಸಮವಾಗುತ್ತದೆ. ಅಜ್ಜಿಯ ಮಾತು ಅವರ ಕವಡೆಗಳಿಗೆ ಸರಿ, ನಿಮ್ಮವಕ್ಕೆ?

ಮಳೆ ಬಿಡುವವರೆಗೆ ಆಡಿದೆವು, ಲೆಕ್ಕ ಬರೆದಿಡಲಿಲ್ಲ. ನೀವು ಇನ್ನೂರು ಸಲ ಎಸೆದು ಬರೆದಿಡಿ.