ನೋವು ನಿಂತಿತು, ಮೂಳೆ?

1690ರ ದಶಕದಲ್ಲಿ ಐರ್ಲೆಂಡಿನ ವೈದ್ಯ ಬರ್ನಾರ್ಡ್ ಕಾನರ್ ಫ್ರಾನ್ಸಿನಲ್ಲಿ ಸಿಕ್ಕ ಒಂದು ಅಸ್ಥಿಪಂಜರದ ಬಗ್ಗೆ ಬರೆದ. ಬೆನ್ನಿನ ಮಣಿಗಳು ಪಕ್ಕೆಲುಬುಗಳ ಸಮೇತ ಬೆಸೆದು ಒಂದೇ ಮೂಳೆಯಾಗಿದ್ದವು. ಬದುಕಿದ್ದಾಗ ಆ ಮನುಷ್ಯ ಬಗ್ಗಲೂ ಹೊರಳಲೂ ಆಗದೆ ಇದ್ದಿರಬೇಕೆಂದು ಕಾನರ್ ಊಹಿಸಿದ. ಇಂದು ಆಂಕೈಲೋಸಿಂಗ್ ಸ್ಪಾಂಡಿಲೈಟಿಸ್ ಎನ್ನುವ ಕಾಯಿಲೆಯ ಲಕ್ಷಣ ಇದು. ಹೆಚ್ಚಾಗಿ ಹರೆಯದಲ್ಲೇ ಶುರು. ಬೆಳಗ್ಗೆ ಏಳುವಾಗ ಸೊಂಟ ಹಿಡಿದುಕೊಂಡಿರುತ್ತದೆ, ಓಡಾಡಿದರೆ ಸಡಿಲವಾಗುತ್ತದೆ. ಉರಿಯೂತವಿದ್ದ ಕಡೆ ವರ್ಷಾನುಗಟ್ಟಲೆ ಹೊಸ ಮೂಳೆ ಬೆಳೆದು ಮಣಿಗೆ ಮಣಿ ಅಂಟಿಕೊಳ್ಳುತ್ತದೆ.

ನೋವು ಹೋಯಿತೆ ಎಂಬುದಕ್ಕೆ ರೋಗಿಯೇ ಮರುವಾರ ಉತ್ತರ ಕೊಡುತ್ತಾನೆ. ಬೆಸುಗೆ ನಿಂತಿತೆ ಎಂಬುದಕ್ಕೆ ವರ್ಷಗಟ್ಟಲೆ ಕಾಯಬೇಕು. ಈ ಕಾಯಿಲೆಯ ಚಿಕಿತ್ಸೆಯ ಚರಿತ್ರೆಯೆಲ್ಲ ಈ ಎರಡರ ನಡುವಿನ ಅಂತರದಲ್ಲಿದೆ.

ಬ್ರಿಟನ್ನಿನಲ್ಲಿ ಒಂದು ಕಾಲಕ್ಕೆ ಬೆನ್ನಿಗೆ ಎಕ್ಸ್-ರೇ ಹಾಯಿಸುತ್ತಿದ್ದರು. ನೋವು ನಿಜಕ್ಕೂ ಇಳಿಯುತ್ತಿತ್ತು. 1935ರಿಂದ 1954ರವರೆಗೆ ಹೀಗೆ ಚಿಕಿತ್ಸೆ ಪಡೆದ 13 ಸಾವಿರಕ್ಕೂ ಹೆಚ್ಚು ಜನರ ಕಡತಗಳನ್ನು ಕೋರ್ಟ್ ಬ್ರೌನ್ ಮತ್ತು ರಿಚರ್ಡ್ ಡಾಲ್ ಜಾಲಾಡಿದರು. ಅವರಲ್ಲಿ ರಕ್ತದ ಕ್ಯಾನ್ಸರ್ ಉಳಿದವರಿಗಿಂತ ಎಷ್ಟೋ ಹೆಚ್ಚಿತ್ತು. ಪ್ರಮಾಣ ಏರಿದಂತೆ ಅಪಾಯವೂ ಏರಿತ್ತು. ವರದಿ ಬಂದದ್ದು 1957ರಲ್ಲಿ. ವಿಕಿರಣ ಮತ್ತು ಕ್ಯಾನ್ಸರಿನ ನಂಟಿನ ಬಗ್ಗೆ ನಮಗೆ ತಿಳಿದಿರುವುದರಲ್ಲಿ ಒಂದು ಪಾಲು ಹಿರೋಷಿಮಾದಿಂದ ಬಂತು, ಇನ್ನೊಂದು ಪಾಲು ಬೆನ್ನುನೋವಿಗೆಂದು ಆಸ್ಪತ್ರೆಗೆ ಹೋದ ಈ ಜನರಿಂದ.

ಆಮೇಲೆ ಫಿನೈಲ್‌ಬ್ಯುಟಜೋನ್ ಮಾತ್ರೆ. ನೋವಿಗೆ ಒಳ್ಳೆಯದು, ಕೆಲವರ ಅಸ್ಥಿಮಜ್ಜೆಗೆ ಮಾರಕ. 1960ರ ದಶಕದಲ್ಲಿ ಇಂಡೊಮೆಥಸಿನ್.

2000ದ ನಂತರ ಇನ್‌ಫ್ಲಿಕ್ಸಿಮ್ಯಾಬ್, ಎಟನರ್‌ಸೆಪ್ಟ್ ಬಂದವು. ಉರಿಯೂತ ಹೊತ್ತಿಸುವ ಟಿಎನ್‌ಎಫ್ ಎಂಬ ಪ್ರೋಟೀನನ್ನೇ ತಡೆಯುವ ದುಬಾರಿ ಇಂಜೆಕ್ಷನ್‌ಗಳು. ಮಲಗಿದ್ದವರು ಎದ್ದು ಕೆಲಸಕ್ಕೆ ಹೋದರು. (ಅಡಗಿದ ಕ್ಷಯವನ್ನು ಇವು ಕೆದಕಬಲ್ಲವು, ಹಾಗಾಗಿ ನಮ್ಮಲ್ಲಿ ಮೊದಲು ಅದರ ತಪಾಸಣೆ.) ಮೂಳೆ? ಕತ್ತಿನ ಮತ್ತು ಸೊಂಟದ ಮಣಿಗಳ 24 ಮೂಲೆಗಳನ್ನು ಎಕ್ಸ್-ರೇಯಲ್ಲಿ ನೋಡಿ 72ಕ್ಕೆ ಅಂಕ ಹಾಕುವ ಪದ್ಧತಿಯಿದೆ. ಎರಡು ವರ್ಷಕ್ಕೆ ಏರುವುದು ಸರಾಸರಿ ಒಂದೆರಡು ಅಂಕ. ಮೊದಲ ಎರಡು ವರ್ಷಗಳ ಲೆಕ್ಕದಲ್ಲಿ ಇಂಜೆಕ್ಷನ್ ಪಡೆದವರಿಗೂ ಹಿಂದಿನ ರೋಗಿಗಳಿಗೂ ವ್ಯತ್ಯಾಸವೇ ಕಾಣಲಿಲ್ಲ. 2013ರ ಉತ್ತರ ಅಮೆರಿಕದ ಅಧ್ಯಯನವೊಂದು ಬೇರೆಯೇ ಹೇಳಿತು: ಬೇಗ ಶುರುಮಾಡಿ ಬಹುಕಾಲ ತೆಗೆದುಕೊಂಡವರಲ್ಲಿ ಬೆಸುಗೆ ನಿಧಾನವಾಗಿತ್ತು, ಹತ್ತು ವರ್ಷ ಕಳೆದು ಶುರುಮಾಡಿದವರಿಗೆ ಆ ಲಾಭ ಕಡಿಮೆ.

ಆದರೆ ಅದು ಚೀಟಿ ಎತ್ತಿ ಗುಂಪು ಮಾಡಿದ ಪ್ರಯೋಗವಲ್ಲ. ಇತ್ತೀಚೆಗೆ ಅಂಥ ಪ್ರಯೋಗದಲ್ಲಿ ಸೆಕುಕಿನುಮ್ಯಾಬ್ ಮತ್ತು ಅಡಾಲಿಮುಮ್ಯಾಬ್‌ಗಳನ್ನು ಎದುರುಬದುರು ಇಟ್ಟು ನೋಡಿದರು. ಎರಡೂ ಔಷಧಿ ಪಡೆದವರಲ್ಲಿ ಬಹುಪಾಲು ಜನರ ಮೂಳೆ ಎರಡು ವರ್ಷ ಮುಂದುವರಿಯಲಿಲ್ಲ, ಯಾವುದೂ ಮೇಲಾಗಲಿಲ್ಲ. ಔಷಧಿಯಿಲ್ಲದ ಗುಂಪು ಅಲ್ಲಿರಲಿಲ್ಲ. ನೋವಿನಲ್ಲಿರುವವರನ್ನು ಹೋಲಿಕೆಗಾಗಿ ಎರಡು ವರ್ಷ ಹಾಗೇ ಬಿಡಲು ಈಗ ಯಾರಿಗೂ ಮನಸ್ಸು ಬಾರದು.