ಬೆಸಾಂವ್

ಮಂಗಳೂರಿನ ಕೊಂಕಣಿ ಕಥೋಲಿಕರ ಮನೆಮಾತು ‘ಬೆಸಾಂವ್’. ಅರ್ಥ, ಆಶೀರ್ವಾದ. ಪೋರ್ಚುಗೀಸಿನ ‘ಬೆನ್ಸಾಂವ್’ ಗೋವೆಯ ಕೊಂಕಣಿಗೆ ಸೇರಿ, ವಲಸಿಗರೊಂದಿಗೆ ನಮ್ಮ ಕರಾವಳಿಗೆ ಬಂತು. ಮೂಲ ಲ್ಯಾಟಿನ್ನಿನ ‘ಬೆನೆದಿಕ್ತಿಯೊ’: ‘ಬೆನೆ’ ಎಂದರೆ ಒಳ್ಳೆಯದಾಗಿ, ‘ದಿಕೆರೆ’ ಎಂದರೆ ನುಡಿಯುವುದು. ಒಳ್ಳೆಯದನ್ನು ನುಡಿಯುವುದೇ ಹರಸುವುದು!

ಸಂಜೆ ಮನೆಮಂದಿಯೆಲ್ಲ ಮೊಣಕಾಲೂರಿ ‘ತೇರ್ಸ್’, ಅಂದರೆ ಜಪಸರ, ಮುಗಿಸಿದ ಮೇಲೆ ಮಕ್ಕಳು ಕೈಮುಗಿದು ಹಿರಿಯರಲ್ಲಿ ಬೆಸಾಂವ್ ಬೇಡುತ್ತಾರೆ. ಅಜ್ಜಿ ಮೊಮ್ಮಗುವಿನ ಹಣೆಯ ಮೇಲೆ ಹೆಬ್ಬೆರಳಿನಿಂದ ಶಿಲುಬೆಯ ಗುರುತೆಳೆದು ಹರಸುತ್ತಾರೆ.

ಕೃತಜ್ಞತೆಗೂ ಈ ಸಮುದಾಯದಲ್ಲಿ ಇದೇ ಧಾಟಿ: ‘ದೇವ್ ಬರೆಂ ಕರುಂ’, ದೇವರು ಒಳ್ಳೆಯದು ಮಾಡಲಿ. ಉಪಕಾರ ಪಡೆದವರು ಮಾಡಿದವರಿಗೆ ಒಳಿತು ಹಾರೈಸುವ ಮಾತಿದು. ದಿನಕ್ಕೊಮ್ಮೆ ದೇವರನ್ನೂ ಹಿರಿಯರನ್ನೂ ಒಟ್ಟಿಗೆ ನೆನೆಯುವ ಈ ಬೆಸಾಂವ್ ಪದ್ಧತಿ ಟಿವಿ, ಮೊಬೈಲುಗಳ ನಡುವೆ ಕಳೆದುಹೋಗದಿರಲಿ.